ಸಂಶಯವೂ ನಿರ್ಣಯವೂ

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಹೊನ್ನನ್ನು ಜಂಗಮರಿಗೆ ವ್ಯಯಮಾಡುತ್ತಿರುವರೆಂಬ ದೂರು ಹುಟ್ಟಿದ ಸಂಗತಿಯನ್ನು ಪುರಾಣ ಕೇಳಿದ ಭಕ್ತರೆಲ್ಲರೂ ಬಲ್ಲರು. ಎಣಿಸಲಾಗಿ ಭಂಡಾರವು ತುಂಬಿಯೇ ಇದ್ದಿತೆಂಬುದನ್ನು ಪವಾಡವೆಂದು ಕೊಂಡಾಡುವುದು ರೂಢಿ. ಆದರೆ ಪವಾಡಕ್ಕೆ ಮೊದಲು ಎಣಿಕೆ ನಡೆಯಿತೆಂಬುದನ್ನು ಗಮನಿಸುವವರು ವಿರಳ. ಹಿರಿಯರ ಮೇಲಣ ದೂರೆಂದು ಅದನ್ನು ತಳ್ಳಿಹಾಕಲಿಲ್ಲ. ದೂರು ಬಂದಿತೆಂದು ದಂಡಿಸಲೂ ಇಲ್ಲ.

ಹೊನ್ನನ್ನು ಎಣಿಸಬಹುದು. ಮುಚ್ಚಿದ ಬಾಗಿಲ ಹಿಂದೆ ಇಬ್ಬರ ನಡುವೆ ನಡೆದುದನ್ನು ಎಣಿಸುವ ಬಗೆ ಹೇಗೆ? ಕಛೇರಿಯಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಮೇಲಧಿಕಾರಿಯು ತನ್ನೊಡನೆ ಅನುಚಿತವಾಗಿ ವರ್ತಿಸಿದನೆನ್ನುತ್ತಾಳೆ, ಆತನು ಇಲ್ಲವೆನ್ನುತ್ತಾನೆ. ಊರು ಆ ಸಂಜೆಯೇ ಎರಡಾಗುತ್ತದೆ. ಬೆಂಕಿಯಿಲ್ಲದೆ ಹೊಗೆಯುಂಟೇ ಎನ್ನುವವರು ಕೆಲವರು. ಇಂಥ ಸಂಭಾವಿತನು ಹೀಗೆ ಮಾಡುವನೇ, ಅವಳ ನಡತೆಯೆಂಥದು ಎನ್ನುವವರು ಹಲವರು. ಎರಡೂ ಎಣಿಸದೆ ಕೊಟ್ಟ ತೀರ್ಪುಗಳೇ. ಎರಡನೆಯದು ಹೆಚ್ಚು ಕ್ರೂರ. ಏಕೆಂದರೆ ಅದು ಮುಂದೆ ನೊಂದವರ ಬಾಯನ್ನೂ ಕಟ್ಟುತ್ತದೆ.

ಗೌತಮನ ನ್ಯಾಯಸೂತ್ರವು ಹೇಳುವ 16 ಪದಾರ್ಥಗಳಲ್ಲಿ ಸಂಶಯಕ್ಕೂ ಸ್ಥಾನವುಂಟು, ನಿರ್ಣಯಕ್ಕೂ ಉಂಟು. ಸಂಶಯವು ವಿಚಾರಕ್ಕೆ ಪ್ರವೇಶ, ಅದೇ ಶಿಕ್ಷೆಯಲ್ಲ. ಸಾಧಕಪ್ರಮಾಣವು ದೊರೆಯದಿರುವುದು ಒಂದು, ಬಾಧಕಪ್ರಮಾಣವು ದೊರೆಯುವುದು ಮತ್ತೊಂದು. ದೂರು ಸಿದ್ಧವಾಗಲಿಲ್ಲವೆಂದ ಮಾತ್ರಕ್ಕೆ ದೂರಿದವಳು ಸುಳ್ಳುಗಾತಿಯಲ್ಲ.

1997ರ ವಿಶಾಖಾ ಪ್ರಕರಣದ ತೀರ್ಪಿನ ಹಾದಿಯಲ್ಲಿ ಬಂದ 2013ರ ಕಾಯಿದೆಯೂ ಈ ಭೇದವನ್ನು ಕಾಪಾಡಿದೆ. ರುಜುವಾಗದ ದೂರಿಗೆ ದಂಡನೆಯಿಲ್ಲ. ದುರುದ್ದೇಶವಿತ್ತೆಂದು ವಿಚಾರಣೆಯಿಂದಲೇ ಪ್ರತ್ಯೇಕವಾಗಿ ತಿಳಿದುಬರಬೇಕು. ಮಹಿಳೆಯ ಅಧ್ಯಕ್ಷತೆಯ ಸಮಿತಿಯು 90 ದಿನಗಳೊಳಗೆ ವಿಚಾರಣೆ ಮುಗಿಸಬೇಕು. ಆರೋಪಿತನಿಗೆ ದೂರಿನ ಪ್ರತಿಯನ್ನು ಕೊಟ್ಟು ಆತನ ಉತ್ತರವನ್ನು ಪಡೆಯಬೇಕು. ಆಕೆ ಲಿಖಿತವಾಗಿ ಕೇಳಿದರೆ ನಡುವೆ ವರ್ಗವನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಕೊಡಬಹುದು. ಇದು ರಕ್ಷಣೆ, ತೀರ್ಪಲ್ಲ. ಇಬ್ಬರ ಹೆಸರುಗಳೂ ಬಯಲಿಗೆ ಬರಕೂಡದು. ಜಗುಲಿಯ ಮೇಲೆ ಕುಳಿತವರಿಗೆ ಈ ಕಡೆಯ ನಿಯಮವೇ ಬಲು ಕಷ್ಟದ್ದು!

ವಿಚಾರಣೆ ಮುಗಿದೂ ಸತ್ಯವು ತಿಳಿಯದೆ ಉಳಿಯಬಹುದು. ಆಗ ಗೃಹಸ್ಥರ ಧರ್ಮವು ಮೊದಲಾಗುತ್ತದೆ. ಆತನ ಮಕ್ಕಳ ಸಂಬಂಧಗಳನ್ನು ಮುರಿಯಲಾಗದು, ಆತನ ಮನೆಯ ಪೂಜೆಗೆ ಹೋಗುವುದನ್ನು ನಿಲ್ಲಿಸಲಾಗದು. ಆಕೆಯಿಂದ ಕ್ಷಮೆ ಬೇಡಿಸಲಾಗದು, ಕೆಲಸ ಬಿಡೆಂದು ಆಕೆಯ ತಂದೆಗೆ ಹೇಳಿಸಲಾಗದು. ಆತನ ಕೈಕೆಳಗೆ ಆಕೆಯನ್ನು ಮತ್ತೆ ಇರಿಸದಂತೆ ನೋಡಿಕೊಳ್ಳುವುದು ಆತನಿಗೆ ಅಪಮಾನವೂ ಅಲ್ಲ.

ಹಿರಿಯರು ನಾಲ್ವರು ಕೂಡಿ ಆಕೆಯ ಮನೆಗೆ ಹೋಗಿ, ಮರ್ಯಾದೆಯ ಹೆಸರಿನಲ್ಲಿ ರಾಜಿ ಮಾಡಿಸುವ ಪದ್ಧತಿಯೊಂದು ಹಳ್ಳಿಗಳಲ್ಲಿದೆ. ರಾಜಿಯ ಮಾತು ಆಕೆಯಿಂದಲೇ ಬರಬೇಕು, ಹಣವು ಅದಕ್ಕೆ ಆಧಾರವಾಗಕೂಡದು ಎಂದು ಕಾಯಿದೆ ಹೇಳುತ್ತದೆ. ಕರೆಯದೆ ಹೋದ ಆ ನಾಲ್ವರು ಯಾರ ಮರ್ಯಾದೆಯನ್ನು ಕಾಯಲು ಹೋದರೆಂಬುದನ್ನು ತಮ್ಮ ಇಷ್ಟಲಿಂಗದ ಮುಂದೆ ಕುಳಿತು ಕೇಳಿಕೊಳ್ಳಲಿ.