ದಿನದ ಚಿಂತನೆ: ಬಂದು ನೋಡು



ಕೇಸಪುತ್ತದ ಕಾಲಾಮರಿಗೆ ತಥಾಗತರು ಹೇಳಿದ್ದು ನಮಗೆಲ್ಲ ಗೊತ್ತು. ಪರಂಪರೆಯಿಂದ ಬಂದಿದೆ ಎಂದ ಮಾತ್ರಕ್ಕೆ ಒಪ್ಪಬೇಡಿ, ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಒಪ್ಪಬೇಡಿ, ಹೇಳಿದವರು ನಮ್ಮ ಗುರುಗಳು ಎಂದ ಮಾತ್ರಕ್ಕೂ ಒಪ್ಪಬೇಡಿ. (ಶಿಕ್ಷಕಿಯಾದ ನನಗೆ ಈ ಕೊನೆಯದು ಪ್ರತಿ ಸಲವೂ ಸ್ವಲ್ಪ ಚುಚ್ಚುತ್ತದೆ.) ಧಮ್ಮವನ್ನು ಏಹಿಪಸ್ಸಿಕೋ, ಅಂದರೆ ಬಂದು ನೋಡು ಎನ್ನುವಂಥದ್ದು, ಎಂದು ಕರೆಯುವುದೂ ಇದಕ್ಕೇ. ಹೋದ ಶನಿವಾರ ಈ ಮಾತು ಮನೆಯ ಲ್ಯಾಪ್‌ಟಾಪ್ ಮುಂದೆ ನೆನಪಾಯಿತು.

ಮಗಳು ಎಂಜಿನಿಯರಿಂಗ್ ಎರಡನೇ ವರ್ಷ. ಫೈರ್‌ಫಾಕ್ಸ್ ಬ್ರೌಸರನ್ನು ಸೋರ್ಸ್ ಕೋಡ್‌ನಿಂದ ತಾನೇ ಕಟ್ಟುತ್ತೇನೆಂದು ಕೂತಳು. "ಡೌನ್‌ಲೋಡ್ ಮಾಡಿದರೆ ಎರಡು ನಿಮಿಷದ ಕೆಲಸ, ಇದೆಲ್ಲ ಯಾಕೆ?" ಎಂದೆ. "ಅಲ್ಲಿ ಮಾಡಿಟ್ಟ ಅಡುಗೆ ಸಿಗುತ್ತದೆ ಅವ್ವಾ. ಇಲ್ಲಿ ಅಡುಗೆಮನೆಯೊಳಗೇ ಹೋಗಬಹುದು" ಎಂದಳು. ಎಷ್ಟು ತಲೆಮಾರು ನಮ್ಮವರನ್ನು ಅಡುಗೆಮನೆಯ ಹೊರಗೇ ನಿಲ್ಲಿಸಿದರು ಎಂದು ನಿಮಗೆ ಹೇಳಬೇಕಿಲ್ಲ.

ಈ ಬಾಗಿಲು ತೆರೆದದ್ದು 1998ರ ಮಾರ್ಚ್ 31ರಂದು. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡನ್ನು ಅಂದು ಎಲ್ಲರ ಮುಂದಿಟ್ಟಿತು. ಆ ಮೊಜಿಲ್ಲಾ ಯೋಜನೆಯಿಂದಲೇ ಮುಂದೆ ಫೈರ್‌ಫಾಕ್ಸ್ ಬಂತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಟ್ಟಿಕೊಳ್ಳಬಹುದು.

ಬಾಗಿಲು ತೆರೆದಿದೆ ಎಂದರೆ ಒಳಗೆ ಹೋಗುವುದು ಸುಲಭ ಎಂದಲ್ಲ. 30 ಜಿಬಿ ಜಾಗ ಖಾಲಿ ಬೇಕು, ರ‍್ಯಾಮ್ 8 ಜಿಬಿಗಿಂತ ಹೆಚ್ಚಿದ್ದರೆ ಒಳ್ಳೆಯದು. ನಮ್ಮದರಲ್ಲಿ ಸರಿಯಾಗಿ 8. ಹಳೆಯ ಫೋಟೋಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ಜಾಗ ಮಾಡಿದೆವು. ಬೇಕಾದ ಸಲಕರಣೆ ತರಿಸಲು 'ಮ್ಯಾಕ್ ಬೂಟ್‌ಸ್ಟ್ರ್ಯಾಪ್' ಎಂದು ಟೈಪ್ ಮಾಡಿದಳು, ಆಮೇಲೆ 'ಮ್ಯಾಕ್ ಬಿಲ್ಡ್'. ಸಿ++, ರಸ್ಟ್ ಭಾಷೆಗಳಲ್ಲಿ ಮನುಷ್ಯರು ಬರೆದ ಸಾವಿರಾರು ಫೈಲುಗಳನ್ನು ಯಂತ್ರದ ಭಾಷೆಗೆ ತರುವ ಕೆಲಸ. ಗಂಟೆಗಟ್ಟಲೆ ಫ್ಯಾನಿನ ಸದ್ದು. ನಡುರಾತ್ರಿ ಎಲ್ಲ ನಿಂತು ಪರದೆ ತುಂಬ ಎರರ್.

ನಾನು ಕೊನೆಯ ಸಾಲು ಓದಿ ಗಾಬರಿಯಾದೆ. ಅವಳು ಮೇಲಕ್ಕೆ ಮೇಲಕ್ಕೆ ಹೋಗುತ್ತಿದ್ದಳು. "ಮೊದಲನೇ ಎರರ್ ಹುಡುಕಬೇಕು ಅವ್ವಾ, ಮಿಕ್ಕವೆಲ್ಲ ಅದರ ಮಕ್ಕಳು." ಇದು ಇರುವುದರಿಂದ ಅದು ಉಂಟಾಗುತ್ತದೆ ಎಂಬ ಪಟಿಚ್ಚಸಮುಪ್ಪಾದವನ್ನು ವಿಹಾರದಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಕಣ್ಣಾರೆ ಕಂಡದ್ದು ಅಂದು. ರ‍್ಯಾಮ್ ಸಾಲದೆ ಹೋಗಿತ್ತು. ಒಮ್ಮೆಗೇ 8 ಕೆಲಸ ನಡೆಯುತ್ತಿದ್ದುದನ್ನು 2ಕ್ಕೆ ಇಳಿಸಿ ಮಲಗಿದಳು. ಹಣೆಬರಹ ಎನ್ನಲಿಲ್ಲ, ಯಾರಿಗೂ ಕೈಮುಗಿಯಲಿಲ್ಲ.

ಮರುದಿನ 'ಮ್ಯಾಕ್ ರನ್' ಎಂದಾಗ ಕಿಟಕಿ ತೆರೆಯಿತು. ಫೈರ್‌ಫಾಕ್ಸ್ ಎಂಬ ಹೆಸರಿಲ್ಲ, 'ನೈಟ್ಲಿ' ಎಂದಿತ್ತು. ಹೆಸರು, ಲಾಂಛನ ಮೊಜಿಲ್ಲಾದ ಟ್ರೇಡ್‌ಮಾರ್ಕ್. ಕೋಡ್ ಮಾತ್ರ ಎಲ್ಲರದು.

"ಇಷ್ಟೂ ಓದಿದ್ದೀಯಾ?" ಎಂದು ಕೇಳಿದೆ.

"ಎಲ್ಲಿ ಅವ್ವಾ, ಒಬ್ಬರ ಆಯುಷ್ಯ ಸಾಲದು. ಅನುಮಾನ ಬಂದ ಕಡೆ ತೆರೆದು ನೋಡಬಹುದು."

1927ರಲ್ಲಿ ಮಹಾಡದ ಚವದಾರ್ ಕೆರೆಗೆ ಬಾಬಾಸಾಹೇಬರು ಜನರನ್ನು ಕರೆದೊಯ್ದದ್ದು ಬಾಯಾರಿಕೆಗಲ್ಲವಲ್ಲ.

ಆಮೇಲೆ ಮೆನುವಿನಲ್ಲಿ 'ನ್ಯೂ ವಿಂಡೋ' ಎಂದಿದ್ದ ಕಡೆ 'ಜೈಭೀಮ್' ಎಂದು ತಿದ್ದಿ ಮತ್ತೆ ಬಿಲ್ಡ್ ಕೊಟ್ಟಳು. ಈ ಸಲ ಬದಲಾದಷ್ಟನ್ನೇ ಕಟ್ಟಿತು, ಬೇಗ ಮುಗಿಯಿತು. ಈ ಸಂದೇಶವನ್ನು ಅದೇ ಬ್ರೌಸರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ಬರೆಯುತ್ತಿದ್ದೇನೆ.