ಹವಳದ ಮಣಿಯೂ ಅಹಿಂಸಾಣುವ್ರತವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಸಮುದ್ರವು ದೂರ. ಆದರೂ ಸಮುದ್ರದ ಒಂದು ವಸ್ತು ಇಲ್ಲಿಯ ಮನೆಗಳಿಗೆ ಪರಿಚಿತವಾಗಿದೆ. ಬಂಗಾರದ ಗುಂಡುಗಳ ನಡುವಿನ ಕೆಂಪು ಮಣಿಯಾಗಿ, ಮಂಗಳಗ್ರಹದ ಶಾಂತಿಗೆಂದು ಧರಿಸುವ ಉಂಗುರವಾಗಿ ಹವಳವು ಶ್ರಾವಕರ ಒಡವೆಗಳಲ್ಲಿಯೂ ಸೇರಿದೆ. ಬಾವಿಯ ನೀರಾಗಲಿ, ಮಲಪ್ರಭೆಯ ನೀರಾಗಲಿ, ಸೋಸದೆ ಕುಡಿಯದ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮರಳಿ ನೀರಿಗೇ ಬಿಡುವ ಮನೆತನಗಳಿಗೆ ಈ ಮಣಿಯ ಹುಟ್ಟು ಯಾವುದೆಂಬ ಪ್ರಶ್ನೆ ಸಣ್ಣದಲ್ಲ.

ಮೂಲಾಚಾರವು ಪ್ರವಾಳವನ್ನು ಪೃಥ್ವೀಕಾಯದ ಭೇದಗಳಲ್ಲಿ ಎಣಿಸಿದೆ. ಯುರೋಪಿನವರು ಬಹುಕಾಲ ಅದನ್ನು ಸಸ್ಯವೆಂದು ಬಗೆದಿದ್ದರು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸನು ಹವಳದ ಕೊಂಬೆಯ ಮೇಲೆ ಎಂಟೆಸಳಿನ ಬಿಳಿಯ ಹೂಗಳನ್ನು ಕಂಡನು. ಅವು ಹೂಗಳಲ್ಲ, ಪ್ರಾಣಿಗಳು ಎಂದು 1720ರ ದಶಕದಲ್ಲಿ ಗುರುತಿಸಿದವನು ಫ್ರಾನ್ಸಿನ ವೈದ್ಯನಾದ ಪೇಸೊನೆಲ್. ಒಣಗಿದ ಕೆಂಪು ಕಾಂಡವು ಸುಣ್ಣಕಲ್ಲಿನ ದ್ರವ್ಯವೇ ಹೌದು. ಆದರೆ ನೀರಿನೊಳಗೆ ಅದರ ಮೇಲೆ ಮೃದುವಾದ ಜೀವಂತ ಹೊದಿಕೆ ಇರುತ್ತದೆ. ಅದರಲ್ಲಿ ನೆಲೆಸಿದ ಪುಟ್ಟ ಜೀವಿಗಳು ಮುಟ್ಟಿದರೆ ಮುದುಡುತ್ತವೆ, ತೇಲಿಬರುವ ಸೂಕ್ಷ್ಮ ಆಹಾರವನ್ನು ಹಿಡಿದು ನುಂಗುತ್ತವೆ. ಆ ಕಾಂಡವು ದಪ್ಪವಾಗುವುದು ವರ್ಷಕ್ಕೆ 1 ಮಿಲಿಮೀಟರಿಗಿಂತಲೂ ಕಡಿಮೆ.

ಇದೇ ವರ್ಗದ ಮೃದುಹವಳಗಳು ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನಲ್ಲಿ ಬೆಳೆಯುತ್ತವೆ. ಅವುಗಳಿಗೂ ಅಂಥವೇ ಎಂಟು ತೋಳುಗಳು. ಆದರೆ ಕಲ್ಲಿನಂಥ ಕಾಂಡವಿಲ್ಲದ್ದರಿಂದ ಅವುಗಳಿಂದ ಮಣಿ ಮಾಡುವವರಿಲ್ಲ. ಜೀವವು ಎರಡರಲ್ಲಿಯೂ ಒಂದೇ ಬಗೆಯದು. ಒಂದನ್ನು ಮಾತ್ರ ಕೊರಳಿಗಾಗಿ ಕೀಳುವಂತೆ ಮಾಡಿದ್ದು ಮನುಷ್ಯನ ಅಲಂಕಾರದ ಆಸೆ.

‘ಕೊಂಡವರು ಕೊಂದವರಲ್ಲ’ ಎಂಬ ಸಮಾಧಾನ ಇಲ್ಲಿ ನಿಲ್ಲದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಲ್ಲಿಯೂ ಹಿಂಸೆ ಒದಗುತ್ತದೆ; ಕೊಳ್ಳುವವರಿದ್ದರೆ ತಾನೇ ಕೀಳುವವರು? ‘ಆಗಮದಂತೆ ಅದು ಸ್ಥಾವರವಲ್ಲವೇ? ಗೃಹಸ್ಥನಿಗೆ ಸ್ಥಾವರಹಿಂಸೆ ಅನಿವಾರ್ಯವಲ್ಲವೇ?’ ಎಂದು ಕೆಲವರು ಕೇಳಬಹುದು. ಉಣ್ಣಲು, ಇರಲು ಬೇಕಾದುದು ಅನಿವಾರ್ಯ, ಮಣಿಯು ಅನಿವಾರ್ಯವಲ್ಲ. ತ್ರಸವೆಂದು ತಿಳಿದವರನ್ನು ಅಹಿಂಸಾಣುವ್ರತವೂ, ಸ್ಥಾವರವೆಂದು ನಂಬಿದವರನ್ನು ಭೋಗೋಪಭೋಗ ಪರಿಮಾಣವೂ ಒಂದೇ ಬಾಗಿಲಿಗೆ ಕರೆದೊಯ್ಯುತ್ತವೆ.

ಹಾಗೆಂದು ಅರಿಯದೆ ಧರಿಸಿದ ಹಿರಿಯರ ಮೇಲೆ ದೋಷ ಹೊರಿಸುವುದು ತರವಲ್ಲ. ಹಿಂಸೆಯ ಬೇರು ಪ್ರಮಾದದಲ್ಲಿದೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೆಯ ಸರವನ್ನು ಎಸೆದರೆ ಯಾವ ಜೀವವೂ ಮರಳಿ ಬಾರದು. ಆದರೆ ಅರಿತ ಮೇಲೆಯೂ ಮದುವೆಯ ಜವಳಿಯ ಸಂಗಡ ಹೊಸ ಹವಳವನ್ನು ಕೊಳ್ಳುವುದು ಅರಿಯದವರ ನಡೆಯಾಗಲಾರದು.

ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಶ್ರಾವಕ-ಶ್ರಾವಿಕೆಯರು ಅಲಂಕಾರವನ್ನು ತ್ಯಜಿಸುತ್ತಾರೆ. ಪಾರಣೆಯ ದಿನ ಒಡವೆಗಳನ್ನು ಮತ್ತೆ ಧರಿಸುವಾಗ ಒಂದೊಂದರ ಹುಟ್ಟನ್ನೂ ನೆನೆಯಲಿ. ಯಾವುದು ಮತ್ತೊಂದು ಜೀವದ ದೇಹವಾಗಿತ್ತೋ, ಅದನ್ನು ಇನ್ನು ಮುಂದೆ ಕೊಳ್ಳೆನೆಂದು ನಿಯಮ ಮಾಡಿದರೆ ಆ ಉಪವಾಸದ ಫಲವು ಒಂದು ದಿನಕ್ಕೆ ಮುಗಿಯದು.