ಕೊಳ್ಳುವವನ ತಕ್ಕಡಿ

ವ್ಯಾಪಾರದಲ್ಲಿ ಮೋಸ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಅಂಗಡಿಯವನ ಕಳ್ಳತಕ್ಕಡಿ. ಹಾಲಿಗೆ ನೀರು, ಕಾಳುಮೆಣಸಿಗೆ ಪಪ್ಪಾಯಿ ಬೀಜ: ಈ ಪಟ್ಟಿ ನಮಗೆಲ್ಲ ಕಂಠಪಾಠ. ಆದರೆ ಪ್ರಿಯ ಓದುಗರೇ, ಕೊಳ್ಳುವವನ ಕೈಯಲ್ಲಿಯೂ ಒಂದು ತಕ್ಕಡಿ ಇದೆಯೆಂದು ನಾವು ಎಂದಾದರೂ ಆಲೋಚಿಸಿದ್ದೇವೆಯೇ?

ಅಂತರ್ಜಾಲದ ಮಾರುಕಟ್ಟೆ ಈ ಪ್ರಶ್ನೆಯನ್ನು ಹೊಸದಾಗಿ ನಮ್ಮ ಮುಂದಿಟ್ಟಿದೆ. ಪಿಯರ್ ಒಮಿಡ್ಯಾರ್ ಅವರು 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರಂಭಿಸಿದ ‘ಇಬೇ’ ಮಾರುಕಟ್ಟೆಯಲ್ಲಿ ಮಾರುವವರೂ ಕೊಳ್ಳುವವರೂ ಪರಸ್ಪರರ ಮುಖವನ್ನೇ ಕಾಣರು. ಅಪರಿಚಿತರ ನಡುವೆ ನಂಬಿಕೆ ಬೆಳೆಯಲೆಂದು 1996ರಲ್ಲಿ ಅಲ್ಲಿ ಒಂದು ಏರ್ಪಾಡಾಯಿತು. ವ್ಯವಹಾರ ಮುಗಿದ ಮೇಲೆ ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯಬಹುದಿತ್ತು. ಅದನ್ನು ಎಲ್ಲರೂ ಓದಬಹುದಿತ್ತು. ಆದರೆ ಕೆಲವು ಮಾರಾಟಗಾರರು, ದೂರು ಬರೆದ ಗ್ರಾಹಕನ ಬಗ್ಗೆ ಸೇಡಿನಿಂದ ಕೆಟ್ಟದ್ದನ್ನೇ ಬರೆಯತೊಡಗಿದರು. ಗ್ರಾಹಕರು ಅಂಜಿ ಸತ್ಯ ಹೇಳದಾದರು. ಇದನ್ನು ತಡೆಯಲು ಸಂಸ್ಥೆಯು, 2008ರ ಮೇ ತಿಂಗಳಿನಿಂದ ಮಾರುವವರು ಗ್ರಾಹಕರ ಬಗ್ಗೆ ಒಳ್ಳೆಯದನ್ನು ಮಾತ್ರ ಬರೆಯಬಹುದು, ಇಲ್ಲವೇ ಸುಮ್ಮನಿರಬಹುದು ಎಂಬ ನಿಯಮ ತಂದಿತು. ಅದರ ಘೋಷಣೆಯಾದೊಡನೆ ಅದೇ ಫೆಬ್ರವರಿಯಲ್ಲಿ ಅನೇಕ ಮಾರಾಟಗಾರರು ಒಂದು ವಾರ ಆ ಮಾರುಕಟ್ಟೆಯನ್ನು ಬಹಿಷ್ಕರಿಸಿದರು. ನಿಯಮ ಮಾತ್ರ ಬದಲಾಗಲಿಲ್ಲ.

ಅವರ ಅಳಲೇನು? ಕೊಂಡವನು ಮನಸ್ಸು ಬದಲಿಸಿ, ವಸ್ತುವು ವರ್ಣನೆಯಂತಿಲ್ಲ ಎಂದು ಸುಳ್ಳು ಹೇಳಿದರೆ ಮರುಸಾಗಣೆಯ ವೆಚ್ಚ ಮಾರಿದವನ ತಲೆಗೆ. ಹೊಸದನ್ನು ಇಟ್ಟುಕೊಂಡು ಹಳೆಯದನ್ನು, ಕೆಲವೊಮ್ಮೆ ಬರಿಯ ಪೆಟ್ಟಿಗೆಯನ್ನು, ಹಿಂದಿರುಗಿಸುವವರೂ ಉಂಟು. ಹಣದಲ್ಲಿ ಒಂದಂಶ ಕೊಡದಿದ್ದರೆ ನಿಮ್ಮ ಹೆಸರು ಕೆಡಿಸುತ್ತೇನೆಂದು ಬೆದರಿಸುವವರೂ ಉಂಟು. ಅಂಥವರನ್ನು ಮಾರಾಟಗಾರನು ತನ್ನ ಅಂಗಡಿಯಿಂದ ದೂರವಿಡಬಹುದು, ಸಂಸ್ಥೆಗೆ ದೂರಬಹುದು. ಆದರೆ ಇತರ ಮಾರಾಟಗಾರರನ್ನು ಅಲ್ಲಿ ಬಹಿರಂಗವಾಗಿ ಎಚ್ಚರಿಸಲಾರ.

ಹಾಗೆಂದು ಆ ನಿಯಮ ನಿರಾಧಾರವೇನಲ್ಲ. ಕಾಣದ ವಸ್ತುವಿಗೆ ಮುಂಗಡವಾಗಿ ಹಣ ತೆರುವವನಿಗೆ ಆಸರೆ ಬೇಕೇ ಬೇಕು. ಆದರೆ ಕೊಳ್ಳುವವನು ಸದಾ ದುರ್ಬಲ, ಮಾರುವವನು ಸದಾ ಬಲಶಾಲಿ ಎಂಬ ಊಹೆ ಎಷ್ಟು ಸರಿ? ಮನೆಯ ಮೂಲೆಯಲ್ಲಿ ಹೊಲಿದು ಮಾರುವ ವಿಧವೆಗೆ ಒಂದು ಸುಳ್ಳು ದೂರು ವಾರದ ಗಳಿಕೆಯನ್ನೇ ಕಸಿಯಬಹುದು. ನಿಯಮ ಗುಂಪನ್ನು ನೋಡುತ್ತದೆ. ನ್ಯಾಯ ಕೃತ್ಯವನ್ನು ನೋಡಬೇಕು.

ಸಂತ ಥಾಮಸ್ ಅಕ್ವೀನರು ಹದಿಮೂರನೆಯ ಶತಮಾನದಲ್ಲಿಯೇ ಇದನ್ನು ವಿವೇಚಿಸಿದ್ದಾರೆ. ಮಾರುವವನು ಚಿನ್ನವನ್ನು ತಾಮ್ರವೆಂದು ತಿಳಿದು ಮಾರಿದಾಗ, ಅದನ್ನು ಬಲ್ಲ ಗ್ರಾಹಕ ಸುಮ್ಮನೆ ಕೊಂಡರೆ ಅದೂ ಅನ್ಯಾಯ, ಅವನು ನಷ್ಟ ಭರಿಸಲು ಬದ್ಧ ಎಂಬುದು ಅವರ ನಿಲುವು. ಕೊಳ್ಳುವಾಗ ಸರಕನ್ನು ಹಳಿದು, ಆಚೆ ಹೋಗಿ ತನ್ನ ಜಾಣ್ಮೆಯನ್ನು ಕೊಚ್ಚಿಕೊಳ್ಳುವ ಗ್ರಾಹಕನನ್ನು ಜ್ಞಾನೋಕ್ತಿಗಳ ಗ್ರಂಥದ ಇಪ್ಪತ್ತನೆಯ ಅಧ್ಯಾಯ ಅದಕ್ಕೂ ಬಹು ಹಿಂದೆಯೇ ಗುರುತಿಸಿತ್ತು. ವಿನಿಮಯದ ನ್ಯಾಯ ಇಬ್ಬರನ್ನೂ ಸಮವಾಗಿ ಕಟ್ಟಿಹಾಕುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸಂತೆಯಲ್ಲಿ ತಕ್ಕಡಿಯನ್ನು ಇಬ್ಬರೂ ನೋಡುತ್ತಾರೆ. ದೂರದ ವ್ಯಾಪಾರದಲ್ಲಿ ಪೊಟ್ಟಣ ಬಿಚ್ಚಿದಾಗ ಕಂಡದ್ದೇನೆಂಬುದಕ್ಕೆ ಗ್ರಾಹಕನ ಮಾತೇ ಬಹುಪಾಲು ಸಾಕ್ಷಿ. ಅವನ ಮಾತೇ ತಕ್ಕಡಿ. ವ್ಯವಸ್ಥೆ ನನ್ನ ಮಾತನ್ನು ಹೆಚ್ಚು ನಂಬಿದಷ್ಟೂ, ಸತ್ಯದ ಋಣ ನನ್ನ ಮೇಲೆ ಹೆಚ್ಚುತ್ತದೆ. ‘ನಿಯಮದಲ್ಲಿ ಅವಕಾಶವಿದೆ’ ಎಂಬುದು ‘ನನಗೆ ಹಕ್ಕಿದೆ’ ಎಂದಾಗದು.

ನಮ್ಮ ಮನೆಗಳಿಗೂ ಇಂದು ಇಂಥ ಪೊಟ್ಟಣಗಳು ಬರುತ್ತಿವೆ. ಸಮಾರಂಭಕ್ಕೆ ಉಟ್ಟ ಸೀರೆಯನ್ನು ಮರುದಿನ ಮಡಚಿ, ‘ಬಣ್ಣ ಬೇರೆ ಬಂದಿದೆ’ ಎಂದು ಹಿಂದಿರುಗಿಸುವುದನ್ನು ಮಕ್ಕಳು ನೋಡಿದರೆ, ಅವರು ಕಲಿಯುವ ಪಾಠವೇನು? ವಸ್ತು ಕೆಟ್ಟಿದ್ದರೆ ನಿಸ್ಸಂಕೋಚವಾಗಿ ದೂರೋಣ. ಅದು ನಮ್ಮ ಹಕ್ಕು. ಮನಸ್ಸು ಬದಲಾಗಿದ್ದರೆ ಹಾಗೆಂದೇ ಹೇಳೋಣ. ಅದಕ್ಕಾಗುವ ವೆಚ್ಚವನ್ನು ನಾವೇ ಹೊರೋಣ. ಅಂಗಡಿಯವನ ತಕ್ಕಡಿಯ ಮುಳ್ಳನ್ನು ಕಣ್ಣಿಟ್ಟು ನೋಡುವ ನಾವು, ನಮ್ಮ ನಾಲಗೆಯ ಮುಳ್ಳು ಎತ್ತ ವಾಲುತ್ತಿದೆಯೆಂದೂ ನೋಡಿಕೊಳ್ಳೋಣ.